ಕೈ ತಾಳುವಷ್ಟೇ ಬಲ

ಜಿಂಕೆಯಂಥ ಪ್ರಾಣಿಯನ್ನು ಹೊಡೆಯಲು ಎಷ್ಟು ಬಲದ ಆಯುಧ ಬೇಕು? ಅಮೆರಿಕದ ಬೇಟೆಗಾರರಲ್ಲಿ ಇದು ಮುಗಿಯದ ಚರ್ಚೆ. ಅಲ್ಲಿ ರೈಫಲ್ ಬದಿಗಿಟ್ಟು ರಿವಾಲ್ವರ್ ಹಿಡಿದೇ ಜಿಂಕೆ ಬೇಟೆಗೆ ಹೋಗುವ ಒಂದು ವರ್ಗವಿದೆ. ಅನೇಕ ರಾಜ್ಯಗಳ ಕಾನೂನೂ ಅದಕ್ಕೆ ಅವಕಾಶ ಕೊಟ್ಟಿದೆ. ಯಾವ ಅಳತೆಯ ಗುಂಡು, ಎಷ್ಟು ಉದ್ದದ ನಳಿಗೆ, ಹೊಡೆದಾಗ ಕೈಗೆ ಬೀಳುವ ಒದೆತವನ್ನು ತಾಳಿಕೊಳ್ಳುವುದು ಹೇಗೆ ಎಂದು ಅವರು ಸದಾ ವಾದಿಸುತ್ತಾರೆ. ನಮ್ಮ ಕರಾವಳಿಯ ಧಾರೇಶ್ವರದ ಓದುಗರಿಗೆ ಇದು ತಮಗೆ ಸಂಬಂಧಿಸದ ಸಂಗತಿ ಎನ್ನಿಸಬಹುದು. ಕುಮಟಾ, ಹೊನ್ನಾವರ, ಭಟ್ಕಳದ ಘಟ್ಟದ ಅಂಚಿನಲ್ಲಿ ಕಡವೆಯನ್ನಾಗಲಿ ಕಾಡುಕುರಿಯನ್ನಾಗಲಿ ಹೊಡೆಯುವುದು ಅಪರಾಧ. ರಿವಾಲ್ವರ್ ಅಂತೂ ಇಲ್ಲಿ ಕೃಷಿಕರ ಮನೆಯ ಆಯುಧವೇ ಅಲ್ಲ. ಆದರೂ ಆ ಚರ್ಚೆಯ ತಿರುಳು ನಮ್ಮದೂ ಹೌದು. ಹಂದಿ ಕಾಟಕ್ಕೆ ರೋಸಿದ ಕೃಷಿಕ, ‘ಈ ಕೇಪಿನ ಕೋವಿಯಿಂದ ಏನೂ ಆಗುವುದಿಲ್ಲ, ಇನ್ನೂ ಜೋರಿನದು ಬೇಕು’ ಎನ್ನುವಾಗ ಅದೇ ಪ್ರಶ್ನೆಯನ್ನು ಕೇಳುತ್ತಿದ್ದಾನೆ. ಹೆಚ್ಚು ಬಲ ಇದ್ದರೆ ಕೆಲಸ ಹೆಚ್ಚು ಚೆನ್ನಾಗಿ ಆಗುತ್ತದೆಯೇ?

ಬಲದ ಪರ ಇರುವವರ ವಾದವನ್ನು ಮೊದಲು ಸರಿಯಾಗಿ ಕೇಳಬೇಕು. ಅದು ಬರಿಯ ಶೋಕಿಯ ಮಾತಲ್ಲ. ಬಲ ಸಾಲದ ಗುಂಡು ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ. ಗಾಯಗೊಂಡ ಜಿಂಕೆ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ. ಹಾಗಾಗಿ ಹೊಡೆಯುವುದಾದರೆ ಒಂದೇ ಈಡಿಗೆ ಬೀಳುವಂತೆ ಹೊಡೆಯಬೇಕು, ಅದಕ್ಕೆ ತಕ್ಕ ಬಲ ಬೇಕು ಎನ್ನುತ್ತಾರೆ ಅವರು. ಈ ಯೋಚನೆಯೇ ರಿವಾಲ್ವರುಗಳನ್ನು ಬೆಳೆಸುತ್ತ ಹೋಯಿತು. 1935ರಲ್ಲಿ .357 ಮ್ಯಾಗ್ನಮ್ ಬಂತು. ಅದೂ ಸಾಲದೆಂದು ಎಲ್ಮರ್ ಕೀತ್ ಎಂಬ ಬೇಟೆಗಾರ-ಬರಹಗಾರ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳು 1955ರ ಕೊನೆಗೆ .44 ಮ್ಯಾಗ್ನಮ್ ತಂದವು. 2003ರಲ್ಲಿ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯ .500 ಮ್ಯಾಗ್ನಮ್ ಬಂತು.

ಕನಿಷ್ಠ ಬಲ ಬೇಕೆಂಬುದನ್ನು ಹಲವು ದೇಶಗಳ ಕಾನೂನೂ ಒಪ್ಪಿದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗೆ ಕಡಿಮೆಯಿಲ್ಲದ, ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್ ಶಕ್ತಿಯಾದರೂ ಇರುವ ರೈಫಲ್ ಬೇಕು. ಅಂದರೆ ಸುಮಾರು 2,300 ಜೂಲ್. ಅಮೆರಿಕದಲ್ಲಿ ಹೆಸರು ಮಾಡಿದ .44 ಮ್ಯಾಗ್ನಮ್ ರಿವಾಲ್ವರಿನ ಶಕ್ತಿ 1,400 ಜೂಲಿನ ಆಸುಪಾಸು. ಒಂದು ದೇಶಕ್ಕೆ ಭಾರೀ ಎನಿಸಿದ್ದು ಇನ್ನೊಂದು ದೇಶದ ಕನಿಷ್ಠಕ್ಕೂ ಮುಟ್ಟುವುದಿಲ್ಲ. ನಮ್ಮಲ್ಲೂ ಬೇಟೆಗೆ ಲೈಸೆನ್ಸ್ ಇದ್ದ ಕಾಲದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಡವೆ, ಜಿಂಕೆಗಳನ್ನು ದೊಡ್ಡ ಬೇಟೆಯ ಪಟ್ಟಿಗೆ ಸೇರಿಸಿ, ಅವುಗಳಿಗೆ ರೈಫಲನ್ನೇ ಬಳಸಬೇಕೆಂದಿತ್ತು; ವಿಶೇಷ ಅನುಮತಿ ಇದ್ದರೆ ಮಾತ್ರ ಒಂಟಿ ಗುಂಡಿನ ತೋಟೆ ಹಾಕಿದ ಬಂದೂಕು. ಕೈಯಲ್ಲಿ ಹಿಡಿಯುವ ಸಣ್ಣ ಕೋವಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಬಲಕ್ಕೆ ಒಂದು ಕೆಳಗಿನ ಗೆರೆಯಿದೆ, ಅದನ್ನು ಎಳೆಯುವುದು ಪ್ರಾಣಿಯ ದೇಹ. ಇಷ್ಟನ್ನು ಒಪ್ಪೋಣ.

ಮೇಲಿನ ಗೆರೆ ಎಲ್ಲಿದೆ? ಅದನ್ನು ತೋರಿಸುವುದು ಕೋವಿಯ ಒದೆತ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವರ್ಷಗಳ ಕಾಲ ಮಕ್ಕಳು ಬಿಡಿಸಿದ ಒಂದು ಲೆಕ್ಕವಿದೆ. 2 ಕಿಲೋ ತೂಕದ ಪಿಸ್ತೂಲಿನಿಂದ 20 ಗ್ರಾಮಿನ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹಾರಿದರೆ ಪಿಸ್ತೂಲು ಎಷ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ? ಉತ್ತರ ಸೆಕೆಂಡಿಗೆ ಒಂದೂವರೆ ಮೀಟರ್. ಮುಂದಕ್ಕೆ ಹೋದಷ್ಟೇ ಸಂವೇಗ ಹಿಂದಕ್ಕೂ ಬರಬೇಕು; ನಿಸರ್ಗ ಇಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅದೇ ಲೆಕ್ಕಕ್ಕೆ .44 ಮ್ಯಾಗ್ನಮ್ ಹಾಕಿ ನೋಡಿ. ಸುಮಾರು 15.5 ಗ್ರಾಮಿನ ಗುಂಡು, ಸೆಕೆಂಡಿಗೆ 400 ಮೀಟರ್ ದಾಟಿದ ವೇಗ, ಕೋವಿಯ ತೂಕ 1.4 ಕಿಲೋ ಒಳಗೆ. ಉರಿದ ಮದ್ದಿನ ಅನಿಲದ ನೂಕನ್ನೂ ಸೇರಿಸಿದರೆ ಕೋವಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅಂಗೈಗೆ ಅಪ್ಪಳಿಸುತ್ತದೆ. ಶಕ್ತಿಯ ಲೆಕ್ಕದಲ್ಲಿ ಇದು ಹನ್ನೆರಡು ಬೋರಿನ ತೋಟೆ ಕೋವಿಯ ಒದೆತಕ್ಕಿಂತ ತುಸು ಕಡಿಮೆಯೇ. ಆದರೆ ತೋಟೆ ಕೋವಿಯನ್ನು ಭುಜ, ಕೆನ್ನೆ, ಎರಡು ಕೈ, ಇಡೀ ಮೈ ಸೇರಿ ತಡೆಯುತ್ತವೆ. ರಿವಾಲ್ವರನ್ನು ತಡೆಯಬೇಕಾದದ್ದು ಮಣಿಕಟ್ಟುಗಳು ಮಾತ್ರ. ನಳಿಗೆ ಮುಷ್ಟಿಗಿಂತ ಎತ್ತರದಲ್ಲಿರುವುದರಿಂದ ಕೋವಿ ಹಿಂದಕ್ಕೆ ಬರುವುದಷ್ಟೇ ಅಲ್ಲ, ಮೂತಿ ಎತ್ತಿ ಹಣೆಯ ಕಡೆಗೆ ತಿರುಗುತ್ತದೆ.

ನೋವು ಇದರಲ್ಲಿ ಸಣ್ಣ ಸಮಸ್ಯೆ. ದೊಡ್ಡದು ಅಂಜಿಕೆ. ಒಮ್ಮೆ ಒದೆಸಿಕೊಂಡ ಕೈ ಎರಡನೇ ಸಲ ಕುದುರೆ ಎಳೆಯುವ ಮೊದಲೇ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ಇದು ಹೇಡಿತನವಲ್ಲ, ಮನಸ್ಸು ಅಪ್ಪಣೆ ಕೊಡುವ ಮೊದಲೇ ದೇಹ ತನ್ನ ರಕ್ಷಣೆ ಮಾಡಿಕೊಳ್ಳುವ ಪರಿ. ಕಲಿಸುವವರು ಇದನ್ನು ಪತ್ತೆಹಚ್ಚಲು ಒಂದು ಉಪಾಯ ಮಾಡುತ್ತಾರೆ. ಶಿಷ್ಯನಿಗೆ ತಿಳಿಯದಂತೆ ರಿವಾಲ್ವರಿನ ಒಂದೆರಡು ಕೋಣೆಗಳಲ್ಲಿ ಸಿಡಿಯದ ತೋಟೆ ಇಟ್ಟು ಹೊಡೆಯಲು ಹೇಳುತ್ತಾರೆ. ಕುದುರೆ ಬಿದ್ದು ಟಕ್ ಎಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೂ ನಳಿಗೆ ಗಕ್ಕನೆ ತಗ್ಗುತ್ತದೆ. ಎಂಥ ಧೈರ್ಯಸ್ಥನ ಗುಟ್ಟೂ ಅಲ್ಲಿ ಬಯಲು.

ಒದೆತ ಪಳಗಿಸಲು ದಾರಿಗಳಿಲ್ಲವೆಂದಲ್ಲ. ಭಾರದ ಕೋವಿ ತೆಗೆದುಕೊಳ್ಳಬಹುದು, ಉದ್ದ ನಳಿಗೆ ಹಾಕಿಸಬಹುದು, ಅನಿಲ ಮೇಲಕ್ಕೆ ಚಿಮ್ಮುವಂತೆ ನಳಿಗೆಯ ತುದಿಯಲ್ಲಿ ತೂತು ಕೊರೆಸಬಹುದು, ಹಿಡಿಗೆ ರಬ್ಬರ್ ಹೊದಿಸಬಹುದು. .44 ಮ್ಯಾಗ್ನಮ್ ಕೋವಿಯಲ್ಲಿ ಅದಕ್ಕಿಂತ ಮೆದುವಾದ .44 ಸ್ಪೆಷಲ್ ತೋಟೆಯನ್ನೂ ಹೊಡೆಯಬಹುದು. ಅದರಲ್ಲಿ ಕೈ ಕೂರಿಸಿಕೊಂಡು ಮೆಲ್ಲಗೆ ಮೇಲೇರಬಹುದು. ಕಿವಿಗೆ ರಕ್ಷಣೆ ಕಡ್ಡಾಯ, ಏಕೆಂದರೆ ಅಂಜಿಕೆಯ ಒಂದು ಪಾಲು ಸದ್ದಿನಿಂದ ಬರುತ್ತದೆ. ಆದರೆ ಈ ಉಪಾಯಗಳೆಲ್ಲ ಏನು ಕೇಳುತ್ತವೆ ನೋಡಿ: ತೂಕ, ಸಮಯ, ಲೆಕ್ಕವಿಲ್ಲದಷ್ಟು ತೋಟೆ. ಉದ್ದ ನಳಿಗೆಯ .500 ರಿವಾಲ್ವರ್ ಎರಡು ಕಿಲೋ ತೂಗುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೇಲೆ ದುರ್ಬೀನು ಕೂರಿಸಿ, ಕೋಲಿಗೆ ಆನಿಸಿ ಹೊಡೆಯಬೇಕು. ಹಗುರ ಎಂಬ ಒಂದೇ ಗುಣಕ್ಕಾಗಿ ಸಣ್ಣ ಕೋವಿಯನ್ನು ಆರಿಸಿಕೊಂಡವನು ಕೊನೆಗೆ ಆ ಗುಣವನ್ನೇ ಕಳೆದುಕೊಂಡು, ಭುಜಕ್ಕೆ ಆನಿಸುವ ಹಿಡಿಯಿಲ್ಲದ ಕುಂಟು ರೈಫಲ್ ಹೊತ್ತು ತಿರುಗುತ್ತಾನೆ. ಅಲ್ಲಿನ ನಿಷ್ಠಾವಂತ ಬೇಟೆಗಾರರು ಇದನ್ನು ಬಲ್ಲರು. ಅದಕ್ಕೇ ಅವರು ನೂರು ಮೀಟರಿನೊಳಗೆ, ಬಹುಪಾಲು ಐವತ್ತರೊಳಗೆ ಬಂದ ಜಿಂಕೆಗೆ ಮಾತ್ರ ಗುರಿಯಿಡುತ್ತಾರೆ. ಅವರ ಯಶಸ್ಸು ಗುಂಡಿನ ಅಳತೆಗಿಂತ ಆ ಸಂಯಮಕ್ಕೆ ಸೇರಿದ್ದು.

ಹಾಗಾದರೆ ಬಲಕ್ಕೆ ಎರಡು ಗೆರೆ. ಕೆಳಗಿನದನ್ನು ಪ್ರಾಣಿಯ ದೇಹ ಎಳೆಯುತ್ತದೆ, ಮೇಲಿನದನ್ನು ಹೊಡೆಯುವವನ ಕೈ. ಇವೆರಡರ ನಡುವೆ ಇರುವ ಜಾಗವೇ ಯೋಗ್ಯ ಆಯುಧದ ಜಾಗ. ರೈಫಲಿನಲ್ಲಿ ಆ ಜಾಗ ಅಗಲವಾಗಿದೆ, ಸಾಮಾನ್ಯನೂ ಅದರೊಳಗೆ ನಿಲ್ಲಬಲ್ಲ. ರಿವಾಲ್ವರಿನಲ್ಲಿ ಅದು ಬಹಳ ಇಕ್ಕಟ್ಟು. ಅಪರೂಪದ ಕೈಗಳಿಗೆ ಮಾತ್ರ ಎಟುಕುತ್ತದೆ. ಉಳಿದವರ ಪಾಲಿಗೆ ಮೇಲಿನ ಗೆರೆ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದುಬಿಟ್ಟಿರುತ್ತದೆ. ಜಿಂಕೆಗೆ ಬೇಕಾದ ಬಲವನ್ನು ಅವರ ಕೈ ತಾಳದು, ಕೈ ತಾಳುವ ಬಲ ಜಿಂಕೆಗೆ ಸಾಲದು. ತಾಳಲಾರದ ಬಲ ಹಿಡಿದು ಹೊಡೆದವನ ಗುಂಡು ಹೊಟ್ಟೆಗೋ ಕಾಲಿಗೋ ತಗಲುತ್ತದೆ. ಕರುಣೆಯ ಹೆಸರಿನಲ್ಲಿ ಕೊಂಡ ಬಲ ಕ್ರೌರ್ಯವಾಗುವುದು ಹೀಗೆ.

ಇನ್ನು ನಮ್ಮ ಕಡೆಗೆ ಬರೋಣ. ಬೇಟೆಯ ನೆನಪು ಘಟ್ಟದ ಕೆಳಗಿನ ಹಳ್ಳಿಗಳಿಗೆ ಹೊಸದಲ್ಲ. ಹಳು ನುಗ್ಗಿ ಸೋವುವವರು, ದಾರಿ ಕಟ್ಟಿ ನಿಲ್ಲುವ ಈಡುಗಾರರು, ಪಾಲು ಹಂಚುವ ಕ್ರಮ, ಎಲ್ಲವೂ ಇತ್ತು. ನಮ್ಮ ವನ್ಯಜೀವಿ ಕಾಯ್ದೆಗೆ ಬಂದ 1991ರ ತಿದ್ದುಪಡಿ ಬೇಟೆಯ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿತು. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಗಾಯ ಮಾಡುವುದು, ಆ ಉದ್ದೇಶಕ್ಕಾಗಿ ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು, 2019ರಲ್ಲಿ ಶರಾವತಿ ಕಣಿವೆಯಲ್ಲಿ ಸಿಂಗಳೀಕ ಅಭಯಾರಣ್ಯವಾಯಿತು. ಬೇಟೆಯ ಬಾಗಿಲು ಮುಚ್ಚಿದ್ದು ಸರಿಯೇ. ಉಳಿದಿರುವುದು ಬೆಳೆ ಕಾಯುವ ಕೋವಿ.

ಆ ಕೋವಿ ಯಾವುದಿರಬೇಕೆಂದು 1959ರ ಆಯುಧ ಕಾಯ್ದೆಯ 13ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳನಳಿಗೆ ನುಣುಪಾಗಿರುವ ಬೇರೆ ಬಂದೂಕು. ಅಂದರೆ ಕೇಪಿನ ಕೋವಿ, ತಪ್ಪಿದರೆ ತೋಟೆ ಕೋವಿ. ಒಂದು ಈಡು ಹೊಡೆದು, ಮತ್ತೆ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಕೇಪು ಕೂರಿಸುವಷ್ಟರಲ್ಲಿ ಹಂದಿ ಗದ್ದೆ ದಾಟಿರುತ್ತದೆ ಎಂದು ನಗುವವರಿದ್ದಾರೆ. ನನಗೆ ಅದರಲ್ಲೇ ವಿವೇಕ ಕಾಣುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. ಕೊಲ್ಲಲೇಬೇಕಾದರೆ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಲಿಖಿತ ಆದೇಶ ಬೇಕು. ಇಲ್ಲಿ ಕೋವಿಯ ಕೆಲಸ ಹೆದರಿಸಿ ಓಡಿಸುವುದು. ಅದಕ್ಕೆ ಬೇಕಾದದ್ದು ಸದ್ದು. ಸದ್ದಿಗೆ ಹಳೆಯ ಕೋವಿಯೂ ಸಾಕು, ಗರ್ನಾಲೂ ಸಾಕು.

ಆದರೂ ಬಲದ ಆಸೆ ಕೇಪಿನ ಕೋವಿಯನ್ನೂ ಬಿಟ್ಟಿಲ್ಲ. ಇನ್ನೊಂದು ಹಿಡಿ ಮದ್ದು ಸುರಿದರೆ ಇನ್ನೂ ದೂರ ಹೋಗುತ್ತದೆಂದು ನಂಬಿ ತುಂಬಿದವರ ನಳಿಗೆ ಸಿಡಿದು ಬೆರಳು, ಕಣ್ಣು ಹೋದ ಕತೆಗಳು ಕೋವಿಯಿರುವ ಊರುಗಳಲ್ಲೆಲ್ಲ ಸಿಗುತ್ತವೆ. ಬಲ ಹೆಚ್ಚಿದಷ್ಟೂ ಕೆಲಸ ಕೆಡಬಹುದೆಂಬುದು ಈ ನೆಲದ ಪುರಾಣಕ್ಕೂ ಗೊತ್ತು. ಗೋಕರ್ಣದಲ್ಲಿ ರಾವಣ ತನ್ನ ಬಲವನ್ನೆಲ್ಲ ಹಾಕಿ ಎಳೆದ. ಆತ್ಮಲಿಂಗ ತಿರುಚಿತೇ ಹೊರತು ಮೇಲೇಳಲಿಲ್ಲ. ಆ ಸಿಟ್ಟಿನಲ್ಲಿ ಅವನು ಲಿಂಗದ ಹೊದಿಕೆಗಳನ್ನು ಬಿಸಾಡಿದ್ದರಿಂದಲೇ ಧಾರೇಶ್ವರವೂ ಸೇರಿದ ಕ್ಷೇತ್ರಗಳು ಹುಟ್ಟಿದವೆಂದು ಸ್ಥಳಪುರಾಣ.

ಮೇಲೆ ಹೇಳಿದ ಎರಡು ಗೆರೆಗಳಿಗೆ ನಮ್ಮ ಕರಾವಳಿ ಮೂರನೆಯದನ್ನು ಸೇರಿಸುತ್ತದೆ. ಅದನ್ನು ಎಳೆಯುವವರು ನೆರೆಹೊರೆಯವರು. ಅಮೆರಿಕದ ನಿರ್ಜನ ಕಣಿವೆಯಲ್ಲಿ ಗುರಿ ತಪ್ಪಿದ ಗುಂಡು ಮಣ್ಣು ಸೇರೀತು. ಕುಮಟಾ, ಹೊನ್ನಾವರದ ನಡುವೆ ಸಮುದ್ರಕ್ಕೂ ಗುಡ್ಡಕ್ಕೂ ಇರುವುದು ಕಿರಿದಾದ ಪಟ್ಟಿ. ಅದರಲ್ಲೇ ಹೆದ್ದಾರಿ, ಕೊಂಕಣ ರೈಲಿನ ಹಳಿ, ಕೇರಿ, ತೋಟ, ಸೊಪ್ಪಿನ ಬೆಟ್ಟ. ಬಲವಾದ ರಿವಾಲ್ವರಿನ ಗುಂಡು ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಸಣ್ಣ ಚರೆ ಅದರ ಕಾಲು ಭಾಗ ಹೋಗುವಷ್ಟರಲ್ಲಿ ಸೋಲುತ್ತದೆ. ದರಕು ಗುಡಿಸಲು ಹೋದ ಹೆಂಗಸು, ನಸುಕಿನಲ್ಲಿ ಗದ್ದೆ ನೋಡಲು ಹೊರಟ ಮುದುಕ, ಇವರೆಲ್ಲ ಆ ದೂರದೊಳಗೇ ಇದ್ದಾರೆ. ದಶರಥನ ಕತೆ ಯಕ್ಷಗಾನದ ಈ ಸೀಮೆಗೆ ಹೇಳಿಕೊಡಬೇಕಾದ್ದಲ್ಲ. ಅವನ ಬಿಲ್ಲಿಗೆ ಬಲ ಇತ್ತು, ಕೈಗೆ ಪಳಗಿಕೆ ಇತ್ತು, ಬಾಣ ಗುರಿ ತಪ್ಪಲಿಲ್ಲ. ಆನೆ ನೀರು ಕುಡಿಯುತ್ತಿದೆ ಎಂದುಕೊಂಡದ್ದು ಮಾತ್ರ ಸುಳ್ಳಾಗಿತ್ತು. ರಾತ್ರಿ ಪೊದೆ ಅಲುಗಿದಲ್ಲಿಗೆ ಹಂದಿಯೆಂದು ಹೊಡೆದು ಮನುಷ್ಯರನ್ನೇ ಕೊಂದ ಸುದ್ದಿ ಮಲೆನಾಡಿನಿಂದ ಇಂದಿಗೂ ಬರುತ್ತಿದೆ.

ಇದಕ್ಕೆ ಕೃಷಿಕರು ಹೇಳುವ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಭತ್ತದ ಗದ್ದೆ ಉಳುವುದನ್ನು, ಮಂಗಗಳು ಎಳೆ ಅಡಿಕೆ ಉದುರಿಸುವುದನ್ನು ಸಂಯಮದ ಪಾಠದಿಂದ ತಡೆಯಲಾಗದು. ಪರಿಹಾರಕ್ಕೆ ಅರ್ಜಿ, ಫೋಟೊ, ಅಲೆದಾಟ. ಚುನಾವಣೆ ಬಂದಾಗಲೆಲ್ಲ ಇದ್ದೊಂದು ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕು. ಕೊಡಗಿನವರಿಗೆ ಸಿಕ್ಕ ಕೋವಿ ಲೈಸೆನ್ಸಿನ ವಿನಾಯಿತಿ ನಮಗೇಕಿಲ್ಲ ಎಂಬ ಅಸಮಾಧಾನವೂ ಸಹಜ. ಆದರೆ ಈ ಕಷ್ಟಗಳಿಗೆ ದೊಡ್ಡ ಗುಂಡು ಮದ್ದಲ್ಲ. ಕೇರಳ ಸರ್ಕಾರ 2022ರಲ್ಲಿ ಹಾವಳಿ ಕೊಡುವ ಹಂದಿ ಹೊಡೆಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಹೊಡೆಯುವ ಹೊಣೆ ಲೈಸೆನ್ಸ್ ಇರುವ ಗೊತ್ತುಪಡಿಸಿದ ಈಡುಗಾರರದು. ಆ ಕ್ರಮದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಆದರೆ ಕೊಲ್ಲುವುದಾದರೆ ಪಳಗಿದ ಕೈ, ಉತ್ತರ ಹೇಳಬೇಕಾದ ಕೈ ಕೊಲ್ಲಲಿ ಎಂಬ ಅದರ ತತ್ವ ಸರಿ. ನಮ್ಮಲ್ಲಿ ವರ್ಷಕ್ಕೆ ಕೊಳ್ಳಬಹುದಾದ ತೋಟೆಗಳ ಲೆಕ್ಕವನ್ನೂ ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ಅಷ್ಟೇ ತೋಟೆಯಲ್ಲಿ ಅಭ್ಯಾಸ ಮಾಡಿ ಯಾರೂ ಬಲವಾದ ಆಯುಧದ ಅಂಜಿಕೆ ಕಳೆದುಕೊಳ್ಳಲಾರರು.

ಆದ್ದರಿಂದ ಹೆಚ್ಚು ಬಲದ ಕೋವಿ ಬೇಕೆನ್ನುವವರಿಗೆ ನನ್ನ ಮಾತು ಇಷ್ಟೇ. ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡ ಆಯುಧವನ್ನಲ್ಲ. ಬೇಗ ಸಿಗುವ ಪರಿಹಾರ, ಬೇಲಿಗೆ ನೆರವು, ತಾಲೂಕಿಗೊಂದು ಕಡೆ ಕೋವಿ ಹಿಡಿಯುವ ತರಬೇತಿ, ಚುನಾವಣೆಯ ಹೊತ್ತಿಗೆ ಎಲ್ಲರಿಂದಲೂ ಕೋವಿ ಕಸಿಯುವ ಬದಲು ಒಬ್ಬೊಬ್ಬರನ್ನೂ ಬೇರೆಯಾಗಿ ಪರಿಶೀಲಿಸುವ ಕ್ರಮ. ಮನೆಯಲ್ಲಿ ಕೋವಿ ಇರುವವರು ಮದ್ದಿನ ಅಳತೆ ಮೀರಬೇಡಿ, ಕಣ್ಣಿಗೆ ಸ್ಪಷ್ಟವಾಗಿ ಕಾಣದ ಯಾವುದಕ್ಕೂ ನಳಿಗೆ ತಿರುಗಿಸಬೇಡಿ. ಕೈ ತಾಳದ, ಕಣ್ಣು ಗುರುತಿಸದ, ಊರು ಒಪ್ಪದ ಬಲವನ್ನು ಲೈಸೆನ್ಸ್ ಸಿಕ್ಕರೂ ಮನೆಗೆ ತರಬಾರದು.