ಗುಮ್ಮಟದ ಊರಿನಲ್ಲಿ ನೀರಿನ ಜಾಡು

ವಿಜಯಪುರ ನೋಡಲು ಬರುವವರ ದಿನಚರಿ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಗೋಳಗುಮ್ಮಟ ಹತ್ತಿ ಪ್ರತಿಧ್ವನಿ ಕೇಳುವುದು, ಆಮೇಲೆ ಬಾರಾ ಕಮಾನ್, ಮಲಿಕ್-ಎ-ಮೈದಾನ ತೋಪು, ಇಬ್ರಾಹಿಂ ರೋಜಾ. ಸಂಜೆಗೆ ಆಲಮಟ್ಟಿಯದೋ ಬಾದಾಮಿಯದೋ ದಾರಿ. ತೋಪೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿರುವುದೆಲ್ಲ ಗೋರಿಗಳು. ತಮ್ಮನ್ನು ಜನ ಹೇಗೆ ನೆನೆಯಬೇಕೆಂದು ದೊರೆಗಳು ಬಯಸಿದರೋ ಹಾಗೆಯೇ ನಾವು ಶತಮಾನಗಳ ಬಳಿಕವೂ ನೆನೆಯುತ್ತಿದ್ದೇವೆ. ಒಂದು ಸೀಮೆಯ ಇತಿಹಾಸ ನೋಡುವುದೆಂದರೆ ಇಷ್ಟೇ ಸಾಕೆ?

ಗೋಳಗುಮ್ಮಟದ ಹಿರಿಮೆಯ ಬಗ್ಗೆ ನನ್ನ ತಕರಾರಿಲ್ಲ. ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದ ಕೈಗಳಿಗೆ ಯಾರಾದರೂ ಮಣಿಯಬೇಕು. ಆದರೆ ಆ ಕೈಗಳು ಕುಡಿದ ನೀರು ಎಲ್ಲಿಯದು? ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿದು. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು. ಕೃಷ್ಣೆ ದೂರ. ಇಂಥ ಕಡೆ ಆದಿಲ್‌ಶಾಹಿ ಸುಲ್ತಾನರ ರಾಜಧಾನಿ ಎರಡು ಶತಮಾನ ಬಾಳಿತೆಂಬುದು ಗುಮ್ಮಟಕ್ಕಿಂತ ದೊಡ್ಡ ಅಚ್ಚರಿ. ಅದರ ಉತ್ತರ ಇರುವುದು ಊರ ಹೊರಗೆ, ಟಿಕೋಟಾ ಮತ್ತು ಬಬಲೇಶ್ವರದ ರಸ್ತೆಗಳಲ್ಲಿ.

ಟಿಕೋಟಾದ ಕಡೆ ಹೊರಟರೆ ಮೊದಲು ಸಿಗುವುದು ತೊರವಿ. ಕುಮಾರ ವಾಲ್ಮೀಕಿ ರಾಮಾಯಣ ಬರೆದದ್ದು ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ಹೊರಟದ್ದೂ ಇಲ್ಲಿಯೇ. ಆ ನಗರ ಪೂರ್ತಿಯಾಗಲಿಲ್ಲ. ಸಂಗೀತ ಮಹಲಿನ ಹಾಳುಗೋಡೆಗಳು ಉಳಿದಿವೆ. ಆದರೆ ನೆಲದ ಕೆಳಗೆ ಇನ್ನೊಂದು ಕಟ್ಟಡವಿದೆ. ಇರಾನಿನ ಒಣನಾಡಿನಲ್ಲಿ ಹುಟ್ಟಿ ದಖ್ಖನ್ನಿಗೆ ಬಂದ ಕರೇಜ್ ವಿದ್ಯೆ ಅದು: ಅಂತರ್ಜಲ ಇರುವೆಡೆಯಿಂದ ತುಸುವೇ ಇಳಿಜಾರಿನಲ್ಲಿ ಸುರಂಗ ಕೊರೆದು, ನಡುನಡುವೆ ಗಾಳಿಗೂ ಹೂಳು ಎತ್ತುವುದಕ್ಕೂ ಬಾವಿಗಳಂಥ ಕಂಡಿ ಬಿಟ್ಟು, ಎತ್ತಿನ ಬಲವಾಗಲಿ ಮನುಷ್ಯನ ಬಲವಾಗಲಿ ಇಲ್ಲದೆ ನೀರನ್ನು ಊರಿಗೆ ಹರಿಸುವುದು. ಬೀದರಿನ ನೌಬಾದ್‌ನಲ್ಲಿಯೂ ಇಂಥದೇ ಒಂದು ಇದೆ. ಊರೊಳಗೆ ಬಂದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು, ಗಂಜ್ ಎನ್ನುವ ಕಲ್ಲಿನ ಗೋಪುರಗಳಲ್ಲಿ ಒತ್ತಡ ಕಳೆದುಕೊಂಡು ಮುಂದಕ್ಕೆ ಹಂಚಿಹೋಗುತ್ತಿತ್ತು. ಅಂಥ ಗೋಪುರಗಳು ಈಗಲೂ ಮನೆಗಳ ನಡುವೆ ನಿಂತಿವೆ. ಅವು ಏನೆಂದು ಕೇಳುವ ಪ್ರವಾಸಿ ಅಪರೂಪ.

ಗೋಳಗುಮ್ಮಟದ ಒಡೆಯನಾದ ಮಹಮ್ಮದ್ ಆದಿಲ್‌ಶಾಹನನ್ನೇ ನೋಡಿ. ನಗರಕ್ಕೆ ನೀರು ಕೊಟ್ಟ ಬೇಗಂ ತಾಲಾಬ್ ಅವನು 1651ರಲ್ಲಿ ಕಟ್ಟಿಸಿದ್ದು. ಅದಕ್ಕೂ ಮುಂಚೆ, 1633ರಲ್ಲಿ, ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಕೆರೆ ಕಟ್ಟಿಸಿದ. ಊರಿಗೆ ಅವನದೇ ಹೆಸರು. 1656ರಲ್ಲಿ ತೀರಿಕೊಂಡ ದೊರೆಯನ್ನು ನಾವು ಅವನ ಸಾವಿನ ಮನೆಯಿಂದ ಗುರುತಿಸುತ್ತೇವೆ. ಮಮದಾಪುರದ ರೈತ ಕೆರೆಯಿಂದ ಗುರುತಿಸುತ್ತಾನೆ. ರೈತನ ನೆನಪೇ ಹೆಚ್ಚು ನ್ಯಾಯದ್ದೆಂದು ನನಗೆ ಅನ್ನಿಸುತ್ತದೆ. ಗೋರಿಯನ್ನು ಕಾಯಲು ಕಾವಲುಗಾರ ಬೇಕು, ಟಿಕೆಟ್ ಬೇಕು. ಕೆರೆಯನ್ನು ಅದರಿಂದ ಬದುಕುವವರೇ ಕಾಯಬೇಕಾಗುತ್ತದೆ. ಅವರು ಕೈಬಿಟ್ಟ ವರ್ಷಗಳಲ್ಲಿ ಹೂಳು ತುಂಬಿತೆಂದರೆ ಅದೂ ಇತಿಹಾಸವೇ.

ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿ ಸಿಗುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಈ ಕಡೆ ಎಲ್ಲರ ಬಾಯಲ್ಲಿದೆ. ನೀರು ಮಾತ್ರ ಉಪ್ಪು. ದಂಡೆಯ ಎರಿ ಹೊಲಗಳು ಹಿಂಗಾರಿ ಬಿಳಿಜೋಳಕ್ಕೆ ಹೆಸರಾದವು, ಅದೇ ನದಿ ಉಕ್ಕಿ ಬಂದರೆ ಬೆಳೆ ಕೊಚ್ಚಿಕೊಂಡೂ ಹೋಗುತ್ತದೆ. ನಿಸರ್ಗ ಸೌಂದರ್ಯವೆಂದರೆ ಮಲೆನಾಡು ಎಂದುಕೊಂಡವರು ಜನವರಿಯಲ್ಲಿ ಇಲ್ಲಿ ನಿಂತು ತೆನೆ ಹಿಡಿದ ಜೋಳ ನೋಡಬೇಕು: ಮರವೇ ಇಲ್ಲದ ಬಯಲು, ಕಣ್ಣು ಹೋದಷ್ಟು ದೂರ ಒಂದೇ ಎತ್ತರದ ಬೆಳೆ. ಟಿಕೋಟಾ ಕಡೆಯ ಮಡ್ಡಿ ನೆಲದ ಚೆಲುವು ಬೇರೆ. ಅಲ್ಲಿ ದ್ರಾಕ್ಷಿ ಚಪ್ಪರಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಕಲ್ಲುನೆಲದಲ್ಲಿ ಹನಿ ನೀರು ಲೆಕ್ಕ ಹಾಕಿ ದ್ರಾಕ್ಷಿ ಬೆಳೆದವರು ಕರೇಜ್ ಕೊರೆದವರ ವಾರಸುದಾರರೆಂದರೆ ಹೆಚ್ಚು ಹೇಳಿದಂತಾಗದು. ಈಗ ಏತ ನೀರಾವರಿಯಿಂದ ಕೃಷ್ಣೆ ಈ ಭಾಗದ ಕೆರೆಗಳಿಗೆ ಹತ್ತಿ ಬರುತ್ತಿದ್ದಾಳೆ. ಅದು ಈ ಕಥೆಯ ಹೊಸ ಅಧ್ಯಾಯ.

ಸ್ಮಾರಕದ ಪ್ರಶ್ನೆಗೆ ಈ ಸೀಮೆಯೇ ಇನ್ನೊಂದು ಉತ್ತರ ಕೊಟ್ಟಿದೆ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದವರು. 2018ರಲ್ಲಿ ಬಂದ ಪದ್ಮಶ್ರೀಯನ್ನು ಒಲ್ಲೆನೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ, ವರ್ಷಗಳ ಹಿಂದೆಯೇ ಬರೆದಿಟ್ಟ ಪತ್ರವೊಂದು ಎದುರಿಗಿತ್ತು: ದೇಹವನ್ನು ಹೂಳದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಕೂಡದು. ಮಠಾಧೀಶರ ಗದ್ದುಗೆಗಳೇ ಯಾತ್ರಾಸ್ಥಳಗಳಾಗುವ ನಾಡಿನಲ್ಲಿ, ಅದೂ ಆದಿಲ್‌ಶಾಹಿ ಗೋರಿಗಳ ಊರಿನಲ್ಲಿ, ಹೀಗೆ ಬರೆದಿಡಲು ಗಟ್ಟಿ ಮನಸ್ಸು ಬೇಕು. ಭಕ್ತಿ ಎಷ್ಟೇ ಒತ್ತಾಯಿಸಿದರೂ ಆ ಮಾತನ್ನು ಮೀರಬಾರದು. ಬಿಜ್ಜರಗಿಗೆ ಹೋಗುವವರು ಅಲ್ಲಿಯ ಹೊಲಗಳನ್ನು ನೋಡಿ, ಅವರ ಪ್ರವಚನದ ಒಂದು ಮಾತನ್ನು ನೆನೆದು ಬಂದರೆ ಪ್ರವಾಸ ಬರಿದಾಗುವುದಿಲ್ಲ.

ಈ ಕೆರೆ, ಸುರಂಗಗಳಿಗೆ ಪ್ರವಾಸಿಗರನ್ನು ಕರೆಯುವುದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ಜನ ಬಂದರೆ ಕಸ ಬರುತ್ತದೆ. ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಬೀಳುತ್ತದೆ, ಸುರಂಗದ ಕಂಡಿಗೆ ಬಾಟಲಿ ಎಸೆಯುತ್ತಾರೆ. ನಗರದೊಳಗಿನ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯೂ ಹೀಗೆಯೇ ಹೊಲಸು ತುಂಬಿ, ಈಚಿನ ವರ್ಷಗಳಲ್ಲಿ ಹೂಳೆತ್ತಿಸಿಕೊಳ್ಳಬೇಕಾಯಿತು. ಆದರೆ ಅದನ್ನು ಕೆಡಿಸಿದ್ದು ನೋಡಲು ಬಂದವರಲ್ಲ, ನೋಡುವುದನ್ನೇ ಬಿಟ್ಟ ಅಕ್ಕಪಕ್ಕದವರು. ನಲ್ಲಿ ನೀರು ಬಂದ ಮೇಲೆ ಬಾವಡಿ ತಮ್ಮದೆನ್ನುವ ಭಾವ ಹೋಯಿತು. ಹಾಗಾಗಿ ಹೊರಗಿನ ಪ್ರವಾಸಿಗಿಂತ ಮೊದಲು ಇಲ್ಲಿಗೆ ಬರಬೇಕಾದವರು ಈ ಜಿಲ್ಲೆಯ ಶಾಲಾ ಮಕ್ಕಳು. ಮೈಸೂರಿಗೆ ಹೋಗುವ ಪ್ರವಾಸದ ಬಸ್ಸು ಒಂದು ದಿನ ತೊರವಿಗೂ ಮಮದಾಪುರಕ್ಕೂ ಹೋಗಲಿ. ನೀರಿನ ಇಲಾಖೆಯ ಒಬ್ಬ ಇಂಜಿನಿಯರು, ಕೆರೆ ಪಕ್ಕದ ಒಬ್ಬ ಹಿರಿಯ ರೈತ ಜೊತೆಗಿದ್ದರೆ ಗೈಡು ಬೇಕಾಗಿಲ್ಲ.