ಎಡಗಡೆಯ ಸೊನ್ನೆ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಹರಡಿಕೊಂಡಿರುವ ನಮ್ಮ ಮನೆಗಳ ಪಟ್ಟಿಯೊಂದನ್ನು ಗಣಕಯಂತ್ರದಲ್ಲಿ ಇಡಬೇಕೆಂಬ ಮಾತು ತರುಣರ ಬಾಯಲ್ಲಿ ಆಗಾಗ ಬರುತ್ತದೆ. ಸಂತೋಷದ ಮಾತೇ. ಅಪರಾತ್ರಿಯಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಬಂಧುಗಳ ಮನೆಗೆ ಫೋನು ಹೋಗಬೇಕು. ಪಟ್ಟಿ ಇರುವುದು ಅದಕ್ಕಾಗಿ. ಪಿಎಚ್‌ಪಿ ಭಾಷೆಯಲ್ಲಿ ಅದನ್ನು ಬರೆಯಹೊರಟವರಿಗೆ ಈ ಸಲದ ನಮ್ಮ ಅಂಕಣ. ಉಳಿದ ವಾಚಕರು ಬೇಸರಪಡಬಾರದು. ವಿಷಯವು ಕಚೇರಿಯ ರಿಜಿಸ್ಟರಿಗಿಂತ ಕಠಿಣವೇನೂ ಅಲ್ಲ.

ಅಹಮದಾಬಾದಿನ ಫೋನು ಸಂಕೇತ 079, ವಡೋದರೆಯದು 0265, ಸೂರತ್ತಿನದು 0261. ಇವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರಿಯ ಅಂಕಿಯಾಗಿ ಬರೆದಿರೋ, ಕೆಟ್ಟಿತು. ಎಡಗಡೆ ಸೊನ್ನೆಯಿದ್ದರೆ ಪಿಎಚ್‌ಪಿಯು ಅದನ್ನು ಹತ್ತರ ಬದಲು ಎಂಟರ ಎಣಿಕೆಯೆಂದು ತಿಳಿಯುತ್ತದೆ. ವಡೋದರಾ 181 ಆಗುತ್ತದೆ, ಸೂರತ್ತು 177. ಎಂಟರ ಎಣಿಕೆಯಲ್ಲಿ ಒಂಬತ್ತೆಂಬ ಅಂಕಿಯೇ ಇಲ್ಲವಾದ್ದರಿಂದ ಅಹಮದಾಬಾದನ್ನು ಕಂಡರೆ, 2015ರಲ್ಲಿ ಬಂದ ಏಳನೆಯ ಆವೃತ್ತಿಯಿಂದೀಚೆಗೆ, ಓದಲೊಲ್ಲೆನೆಂದು ನಿಂತೇಬಿಡುತ್ತದೆ. ನಮ್ಮ ಮತದಲ್ಲಿ ಮೂರು ಊರಿನವರ ಪೈಕಿ ಅಹಮದಾಬಾದಿನವರೇ ಭಾಗ್ಯವಂತರು: ತಪ್ಪು ಕೂಡಲೆ ಗೊತ್ತಾಯಿತು!

ಫಾರಮ್ಮಿನಲ್ಲಿ ತುಂಬಿದ್ದು ಅಕ್ಷರಗಳ ಸಾಲಾಗಿ, ಎಂದರೆ ಸ್ಟ್ರಿಂಗ್ ಆಗಿ ಬರುತ್ತದೆ. ಅದನ್ನು ಪೂರ್ಣಾಂಕ ಬೇಡುವ ಫಂಕ್ಷನ್ನಿಗೆ ಕೊಟ್ಟರೆ 0265 ಸದ್ದಿಲ್ಲದೆ 265 ಆಗುತ್ತದೆ. ಫೈಲಿನ ಮೊದಲಿಗೇ ‘ಸ್ಟ್ರಿಕ್ಟ್ ಟೈಪ್ಸ್’ ಎಂಬುದನ್ನು 1 ಎಂದು ಘೋಷಿಸಿದ್ದರೆ ಈ ಗುಟ್ಟಿನ ವ್ಯವಹಾರ ನಡೆಯದು. ಟೈಪ್ ಎರರ್ ಎಂದು ಕೂಗುತ್ತದೆ. ಆದರೆ ಆ ಘೋಷಣೆ ಅದೇ ಫೈಲಿನಿಂದ ಹೊರಡುವ ಕರೆಗಳಿಗೆ ಮಾತ್ರ. ಒಂದರಲ್ಲಿ ಬರೆದು ನಿಶ್ಚಿಂತರಾಗುವಂತಿಲ್ಲ. ಇಷ್ಟಕ್ಕೂ, ಕೂಡಿ ಕಳೆಯಲಾಗದ್ದನ್ನು ಅಂಕಿಯೆಂದೇಕೆ ಕರೆಯಬೇಕು? ಫೋನು, ಪಿನ್‌ಕೋಡು ಇವೆಲ್ಲ ಅಂಕಿಯ ವೇಷ ಹಾಕಿದ ಹೆಸರುಗಳು. ಸ್ಟ್ರಿಂಗ್ ಆಗಿಯೇ ಇರಲಿ.

ಇಂಟರ್‌ಫೇಸ್ ಎಂಬುದು ಕರಾರುಪತ್ರ. ‘ಅಡ್ಡಹೆಸರು’ ಎಂಬ ಮೆಥಡ್ಡು ಸ್ಟ್ರಿಂಗನ್ನು ಕೊಡತಕ್ಕದ್ದೆಂದು ಅದರಲ್ಲಿದ್ದರೆ, ಒಪ್ಪಿದ ಪ್ರತಿಯೊಂದು ಕ್ಲಾಸೂ ಕೊಡಲೇಬೇಕು. ಬರಿದು, ಎಂದರೆ ‘ನಲ್’ ಕೊಟ್ಟರೂ ಆದೀತೆಂದು ಒಂದು ಕ್ಲಾಸು ತನ್ನಷ್ಟಕ್ಕೆ ಸಡಿಲಿಸಿಕೊಂಡರೆ ಪ್ರೋಗ್ರಾಂ ನಿಲ್ಲುತ್ತದೆ. ಗುಜರಾತಿನ ಫಾರಮ್ಮುಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನು ಕೇಳುತ್ತವೆ. ಧಾರವಾಡದ ಕಡೆಯವರು ಸಲೀಸಾಗಿ ತುಂಬುತ್ತಾರೆ. ಮೈಸೂರಿನ ಕಡೆಯ ಎಷ್ಟೋ ಜನಕ್ಕೆ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಅಷ್ಟೇ. ಆದುದರಿಂದ ಕರಾರು ಬರೆಯುವಾಗಲೇ ಸ್ಟ್ರಿಂಗ್ ಎಂಬ ಪದಕ್ಕೆ ಮೊದಲು ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಇಟ್ಟು, ಇಲ್ಲದಿದ್ದರೂ ಸರಿಯೆಂದು ಸ್ಪಷ್ಟಪಡಿಸಬೇಕು. 2016ರಿಂದ ಈ ಅನುಕೂಲವಿದೆ. ಹಾಗಲ್ಲದೆ ಖಾಲಿ ಜಾಗದಲ್ಲಿ ಚುಕ್ಕೆಯನ್ನೋ ಊರ ಹೆಸರನ್ನೋ ತುರುಕಿದಿರಾದರೆ ಯಂತ್ರವೇನೋ ಒಪ್ಪೀತು. ಮಗುವಿನ ಶಾಲೆಯ ದಾಖಲೆಗೂ ತಂದೆಯ ಪಾಸ್‌ಪೋರ್ಟಿಗೂ ತಾಳೆಯಾಗದೆ ಕಚೇರಿಯಿಂದ ಕಚೇರಿಗೆ ಅಲೆಯುವವರು ಮಾತ್ರ ಆ ಮನೆಯವರು.