ಮಂಡಕಳ್ಳಿಯಿಂದ ದೇವನಹಳ್ಳಿಗೆ

ಭೂಪಟದಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣವನ್ನೂ ಬೆಂಗಳೂರಿನ ದೇವನಹಳ್ಳಿ ನಿಲ್ದಾಣವನ್ನೂ ಗುರುತಿಸಿ, ನಡುವೆ ಅಡಿಕೋಲನ್ನಿಟ್ಟು ಗೆರೆಯೆಳೆದರೆ ಅದು ಸುಮಾರು 155 ಕಿಲೋಮೀಟರು ಆಗುತ್ತದೆ. ಬಹುಮಟ್ಟಿಗೆ ಮದ್ದೂರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಈ ದಾರಿಗೆ ಬಂದ ಎ.ಟಿ.ಆರ್. ಜಾತಿಯ ಚಿಕ್ಕ ವಿಮಾನಕ್ಕೆ ಗಂಟೆಗೆ 500 ಕಿಲೋಮೀಟರಿನಷ್ಟು ವೇಗವುಂಟು. ತ್ರೈರಾಶಿ ಬಲ್ಲ ಹುಡುಗನಾದರೆ ಇಪ್ಪತ್ತು ನಿಮಿಷ ಸಾಕೆಂದಾನು. ಆದರೆ ವೇಳಾಪಟ್ಟಿಯಲ್ಲಿ ಕಾಣುತ್ತಿದ್ದುದು ಒಂದು ಗಂಟೆಯ ಆಸುಪಾಸು.

ಇದರಲ್ಲಿ ವಂಚನೆಯೇನೂ ಇಲ್ಲ. ವಿಮಾನದ ಲೆಕ್ಕ ನಿಂತ ನೆಲೆಯಿಂದ ಅದು ಕದಲಿದಾಗ ಮೊದಲಾಗಿ, ಮತ್ತೊಂದು ನೆಲೆಯಲ್ಲಿ ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವ ಮುನ್ನ ಸುತ್ತುವುದು ಎಲ್ಲವೂ ಅದರೊಳಗೆ ಸೇರಿವೆ. ದಾರಿ ದೀರ್ಘವಾದರೆ ಈ ತೆರಿಗೆ ಹಗುರ. ಮೊಟಕಾದರೆ ತೆರಿಗೆಯೇ ದಾರಿಯನ್ನು ನುಂಗುತ್ತದೆ. ನಿಲ್ದಾಣದಲ್ಲಿ ಮುಂಚಿತವಾಗಿ ಹೋಗಿ ಕೂರುವ ಹೊತ್ತು, ದೇವನಹಳ್ಳಿಯಿಂದ ಬೆಂಗಳೂರು ಪೇಟೆಗೆ ಮರಳುವ ಹೊತ್ತು ಬೇರೆ. 2010ರಲ್ಲಿ ಆರಂಭವಾದ ಈ ವಿಮಾನ ಸಂಚಾರ ಮರುವರ್ಷವೇ ನಿಂತುಹೋಯಿತು. 2019ರಲ್ಲಿ ಉಡಾನ್ ಯೋಜನೆಯ ಆಸರೆಯಿಂದ ಮತ್ತೆ ರೆಕ್ಕೆ ಬಿಚ್ಚಿತು. ಅಷ್ಟರಲ್ಲಿ, 2023ರ ಮಾರ್ಚ್ 12ರಂದು, 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯೂ ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ನಡೆಯಿತು. ಕಾರುಳ್ಳವನು ಒಂದೂವರೆ ಗಂಟೆಯಲ್ಲಿ ಊರು ಸೇರುವಾಗ ವಿಮಾನದ ಗೊಡವೆ ಯಾರಿಗೆ ಬೇಕು?

ಇದನ್ನೆಲ್ಲ ನಾನು ತರಗತಿಯಲ್ಲಿ, ಹಳಗನ್ನಡದ ಪಾಠ ಮುಗಿದ ಮೇಲೆ, ತುಸು ಹೆಮ್ಮೆಯಿಂದಲೇ ವಿವರಿಸುತ್ತಿದ್ದೆ. ಕೊಪ್ಪದ ಕಡೆಯಿಂದ ಬರುವ ಹುಡುಗನೊಬ್ಬ ಎದ್ದುನಿಂತು, "ಸಾರ್, ನಮ್ಮೂರಿಂದ ಮದ್ದೂರಿಗೆ ಬರಕ್ಕೇ ಬಸ್ಸು ಕಾಯೋದೂ ಸೇರಿ ಒಂದು ಗಂಟೆ ಆಯ್ತದೆ" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ.

ಕೊಪ್ಪ ಕಬ್ಬಿನ ಸೀಮೆ, ಸಕ್ಕರೆ ಕಾರ್ಖಾನೆಯ ಊರು. ಕಬ್ಬಿಗೂ ಒಂದು ಗಡಿಯಾರವುಂಟು. ಕಡಿದ ಗಳಿಗೆಯಿಂದ ಅದು ಒಣಗತೊಡಗುತ್ತದೆ. ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ರೈತನಿಗೆ ಹಣ ಸಲ್ಲುವುದು ಕಾರ್ಖಾನೆಯ ತಕ್ಕಡಿ ತೋರಿಸಿದ ತೂಕಕ್ಕೆ. ಕಾರ್ಖಾನೆಯ ಬಾಗಿಲಲ್ಲಿ ಟ್ರಾಕ್ಟರುಗಳ ಸಾಲಿನಲ್ಲಿ ಕಳೆದ ಒಂದೊಂದು ಗಂಟೆಯೂ ಅವನ ಜೇಬಿನಿಂದಲೇ ಹೋಗತಕ್ಕದ್ದು. ಅದೇ ಟ್ರಾಕ್ಟರಿಗೆ ಹೊಸ ಹೆದ್ದಾರಿಯ ನಡುದಾರಿಯಲ್ಲಿ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ದ್ವಿಚಕ್ರ ವಾಹನಕ್ಕೂ ಆಟೋರಿಕ್ಷಾಕ್ಕೂ ಇಲ್ಲ. ಅಪಘಾತಗಳನ್ನು ಕಂಡವರು ಈ ನಿಷೇಧವನ್ನು ತಪ್ಪೆನ್ನಲಾರರು, ನಾನೂ ಅನ್ನೆನು. ಆದರೆ ಭೂಮಿ ಬಿಟ್ಟುಕೊಟ್ಟ ಸೀಮೆಯ ಬಂಡಿ ಪಕ್ಕದ ಸೇವಾರಸ್ತೆಯಲ್ಲಿ ತೆವಳಬೇಕಾಯಿತು.

ಉಡಾನ್ ಯೋಜನೆಯಲ್ಲಿ ಒಂದು ವಿವೇಕವಿದೆ. ಟಿಕೆಟ್ಟಿನ ಹಣದಿಂದ ಹಾರಾಟದ ಖರ್ಚು ಹುಟ್ಟದಿದ್ದರೆ, ಆ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ರಾಜ್ಯದ್ದು. ಚಿಕ್ಕ ಊರಿಗೂ ಆಕಾಶ ಎಟುಕಲೆಂಬ ಆಸೆಗೆ ನನ್ನ ವಿರೋಧವಿಲ್ಲ. ಸಾಲಿನಲ್ಲಿ ನಿಂತು ಒಣಗಿದ ಕಬ್ಬಿನ ಕೊರತೆಯನ್ನೂ ಇದೇ ಬಗೆಯಲ್ಲಿ ಯಾರಾದರೂ ತುಂಬಿಕೊಡುವರೆ ಎಂದು ಮರುದಿನ ಅದೇ ಹುಡುಗ ಕೇಳಿದ. ಅವನ ತಂದೆಯ ಟ್ರಾಕ್ಟರು ಹಿಂದಿನ ಸಂಜೆಯಿಂದ ಸಾಲಿನಲ್ಲಿತ್ತಂತೆ. ರಾತ್ರಿಯ ಊಟವನ್ನು ಅಲ್ಲಿಗೇ ಕೊಟ್ಟು ಬಂದಿದ್ದನಂತೆ.